ಹಳದಿ-ಹಳದಿಯ ಹಾಜರಿ

ಮಾರ್ಚ್ 3

ಇವತ್ತು ಕೆಲಸಕ್ಕೆ ಹೋದೆ. ಬಾಗಿಲಲ್ಲೇ ಸ್ಟೋರಿನ ಬೀಗದಣ್ಣ ಎದುರಾದ. ಎಲ್ಲ ಕೋಣೆಗಳ ಬೀಗದ ಕೈ ಅವನ ಸೊಂಟದಲ್ಲಿ ಇರುವುದರಿಂದ ಅವನಿಗೆ ಆ ಹೆಸರು. ಸಂಶೋಧನೆಗೆಂದು ಕಣಜದ ಹುಳು ಸಾಕಿರುವ ಜಾಲರಿ ಮನೆಯ ಬೀಗದ ಕೈ ಕೊಟ್ಟು ಪಕ್ಕಕ್ಕೆ ಸರಿದ. ಅಷ್ಟೇ ಒಳ್ಳೆಯದಾಯಿತು.

ಮಗಳು ಹೋಗಿ ಇಪ್ಪತ್ತೈದು ದಿನ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲು ಜ್ವರ, ಆಮೇಲೆ ಎದೆ, ಆಮೇಲೆ ಉಸಿರಾಟದ ಯಂತ್ರ. ಹನ್ನೊಂದನೆಯ ದಿನ ಡಾಕ್ಟರು ಒಂದು ಚೀಟಿ ಕೊಟ್ಟು ಔಷಧಿ ತರಲು ನನ್ನನ್ನು ಕೆಳಗೆ ಕಳಿಸಿದರು. ಸಾಲು ಉದ್ದವಿತ್ತು. ಔಷಧಿ ಹಿಡಿದು ಮೇಲೆ ಬರುವಷ್ಟರಲ್ಲಿ ಇವರು, ನನ್ನ ಯಜಮಾನರು, ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದರು. ಯಂತ್ರ ನಿಲ್ಲಿಸಲು ಒಪ್ಪಿಗೆ. ನನಗಾಗಿ ಕಾಯಲಿಲ್ಲ.

ಅಂದಿನಿಂದ ಇವರ ಜೊತೆ ಬೇಕಾದಷ್ಟೇ ಮಾತು. ಬೇರೆ ಯಾರ ಜೊತೆಗೂ ಮಾತಾಡಬೇಕೆನಿಸುವುದಿಲ್ಲ. ಅದಕ್ಕೆ ಒಂದು ಖಾಲಿ ಹಾಜರಿ ಪುಸ್ತಕ ಮನೆಗೆ ತಂದುಕೊಂಡೆ. ಹನ್ನೊಂದು ವರ್ಷದಿಂದ ಇಂಥದ್ದರಲ್ಲೇ ಹುಳುಗಳ ಲೆಕ್ಕ ಬರೆಯುತ್ತಿದ್ದೇನೆ. ಬೇರೆ ಹಾಳೆಯ ಮೇಲೆ ನನ್ನ ಕೈ ಓಡುವುದಿಲ್ಲ.

ಹುಳುಗಳು ಚೆನ್ನಾಗಿವೆ. ನಾನಿಲ್ಲದ ಒಂದು ತಿಂಗಳು ಸಣ್ಣ ಡಾಕ್ಟರೇ ಅವುಗಳ ಬೆಳಗಿನ ಹಾಜರಿ ತೆಗೆದುಕೊಂಡಿದ್ದಾಳೆ. ಡಾಕ್ಟರ್ ಇನ್ನೂ ಆಗಿಲ್ಲ, ಆಗಲು ಓದುತ್ತಿರುವ ಹುಡುಗಿ. ಬೀಗದಣ್ಣ ಇಟ್ಟ ಹೆಸರು ಅದು. ಅವಳ ಅಕ್ಷರ ಕೋಳಿ ಕಾಲಿನಂತಿದೆ, ಆದರೆ ಒಂದು ದಿನವೂ ತಪ್ಪಿಸಿಲ್ಲ.

ನಾಲ್ಕನೆಯ ಗೂಡಿನಲ್ಲಿ ಹಳದಿ-ಹಳದಿ ಇನ್ನೂ ಇದೆ. ಮಗಳನ್ನು ಆಸ್ಪತ್ರೆಗೆ ಸೇರಿಸಿದ ದಿನ ಬೆಳಿಗ್ಗೆ, ಆಗಷ್ಟೇ ಹುಟ್ಟಿದ್ದ ಅದರ ಬೆನ್ನಿಗೆ ಎರಡು ಹಳದಿ ಚುಕ್ಕೆ ಇಟ್ಟವಳು ನಾನು. ಕೈಗೆ ಬಣ್ಣ ಮೆತ್ತಿದ್ದಾಗಲೇ ಫೋನ್ ಬಂದಿತ್ತು.

ಮಾರ್ಚ್ 5

ಸಂಜೆ ಬಂದು ನೋಡಿದರೆ ಇವರು ಮಗಳ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಬಸ್ ಡಿಪೊ ಮೆಕ್ಯಾನಿಕ್ ಅಲ್ಲವೇ, ಬಿಚ್ಚುವುದು ಬಲು ಸಲೀಸು. ನಾನು ಏನೂ ಕೇಳಲಿಲ್ಲ. ಉಂಡು ಮಲಗಿದೆವು.

ಮಾರ್ಚ್ 11

ಸಣ್ಣ ಡಾಕ್ಟರಿಗೆ ಇವತ್ತು ಮಾತಿನ ಉಮೇದು. ನನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದಳು, ನಾನೂ ಕೇಳಿಸಿಕೊಂಡೆ. ಪಾಪ, ನನ್ನನ್ನು ಮಾತಿಗೆ ಎಳೆಯಲು ನೋಡುತ್ತಿದ್ದಾಳೆ.

ಅವಳ ಪ್ರಶ್ನೆ ಇದು. ಒಂದು ಗೂಡಿನಲ್ಲಿ ಮೂವತ್ತು ಕಣಜದ ಹುಳು. ಎಲ್ಲವೂ ಹೆಣ್ಣು, ಎಲ್ಲಕ್ಕೂ ಮೊಟ್ಟೆ ಇಡುವ ಶಕ್ತಿ ಇದೆ. ಆದರೆ ಇಡುವುದು ಒಂದೇ, ಅದು ರಾಣಿ. ಮಿಕ್ಕವು ಆಹಾರ ತಂದು ಆ ಮರಿಗಳನ್ನು ಸಾಕುತ್ತವೆ. ತಮ್ಮದನ್ನು ಬಿಟ್ಟು ಇನ್ನೊಬ್ಬಳ ಮಕ್ಕಳಿಗೆ ದುಡಿಯುವ ಬುದ್ಧಿ ಹುಳುವಿಗೆ ಹೇಗೆ ಬಂತು, ಲಕ್ಷಾಂತರ ವರ್ಷ ಅದು ಹೇಗೆ ಉಳಿಯಿತು ಎಂಬುದು ದೊಡ್ಡವರ ಪ್ರಶ್ನೆ. ದೊಡ್ಡವರೆಂದರೆ ನಮ್ಮ ಪ್ರೊಫೆಸರ್. ಇವಳದು ಅದರ ಒಂದು ಚೂರು. ರಾಣಿಯನ್ನು ತೆಗೆದರೆ ಮುಂದಿನ ರಾಣಿ ಯಾರು? ಹೆಚ್ಚು ವಯಸ್ಸಿನವಳೇ ಆಗುತ್ತಾಳೆ, ಅವಳು ತನ್ನ ಸರದಿ ಕಾಯುತ್ತಿರುತ್ತಾಳೆ, ದುಡಿಮೆಯೆಲ್ಲ ಆ ಆಸೆಗಾಗಿ ಎಂದು ಇವಳ ವಾದ. ಅದಕ್ಕೇ ಪ್ರತಿ ಹುಳು ಹುಟ್ಟಿದ ತಾರೀಕು ಬೇಕು. ಅದಕ್ಕೇ ಚುಕ್ಕೆ. ಅದಕ್ಕೇ ನಾನು.

ಬೀಗದಣ್ಣ ಟೀ ಕುಡಿಯುತ್ತಾ ಕೇಳಿಸಿಕೊಂಡ. "ನಿಮ್ ಹುಳಾನೇ ವಾಸಿ. ನಮ್ ಹೆಡ್ ಕ್ಲರ್ಕ್ ರಿಟೈರ್ ಆಗಿ ಎರಡು ವರ್ಷ ಆಯ್ತು, ಕುರ್ಚಿ ಇನ್ನೂ ಖಾಲಿ ಬಿದ್ದಿದೆ" ಅಂದ. ನನಗೂ ಸ್ವಲ್ಪ ನಗು ಬಂತು. ಬಂದದ್ದಕ್ಕೆ ಮನಸ್ಸು ಕಸಿವಿಸಿಯಾಯಿತು.

ಮಾರ್ಚ್ 19

ಹಳದಿ-ಹಳದಿ ಇವತ್ತು ಹಾಜರಿಯಲ್ಲಿ ಇರಲಿಲ್ಲ.

ಹಾಜರಿ ತೆಗೆಯುವುದು ಬೆಳಕು ಹರಿಯುವ ಮುಂಚೆ. ಆಗ ಯಾವ ಹುಳುವೂ ಹಾರಿಹೋಗಿರುವುದಿಲ್ಲ, ಎಲ್ಲ ಗೂಡಿಗೆ ಅಂಟಿಕೊಂಡಿರುತ್ತವೆ. ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದರೆ ಅವಕ್ಕೆ ಗೊತ್ತಾಗುವುದಿಲ್ಲ. ಕೆಂಪು ಬೆಳಕಿನಲ್ಲಿ ಹಳದಿ ಮಾಸಿದ ಬಿಳಿಯ ಹಾಗೆ ಕಾಣುತ್ತದೆ, ಅಭ್ಯಾಸವಿಲ್ಲದವರಿಗೆ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಮೂರು ಸಲ ನೋಡಿದೆ. ಗೂಡಿನ ಹಿಂದೆ, ಜಾಲರಿಯ ಮೂಲೆಯಲ್ಲಿ, ನೆಲದ ಮೇಲೂ ನೋಡಿದೆ.

ಜಾಲರಿಯ ಕಣ್ಣುಗಳಲ್ಲಿ ಹುಳು ನುಸುಳಿ ಹೋಗಬಲ್ಲದು, ಒಂದೊಂದು ಸಲ ಹೊರಗೇ ಉಳಿದು ಮಾರನೆಯ ದಿನ ಬರುವುದುಂಟು.

ಮಾರ್ಚ್ 20

ಇಲ್ಲ.

ಮಾರ್ಚ್ 21

ಮೂರನೆಯ ದಿನ. ಮೂರು ಬೆಳಿಗ್ಗೆ ಸತತವಾಗಿ ಕಾಣದಿದ್ದರೆ ಆ ಸಾಲಿಗೆ ಅಡ್ಡಗೆರೆ ಎಳೆದು, ಮೊದಲು ಕಾಣದ ದಿನದ ತಾರೀಕು ಹಾಕಿ, 'ಸತ್ತಿದೆ' ಎಂದು ಬರೆಯಬೇಕು. ದೊಡ್ಡವರು ಮಾಡಿದ ನಿಯಮ. ಹನ್ನೊಂದು ವರ್ಷದಲ್ಲಿ ಸಾವಿರಾರು ಬರೆದಿದ್ದೇನೆ. ಬರೆಯುವಾಗ ಮನೆಗೆ ಏನು ತರಕಾರಿ ಒಯ್ಯಲಿ ಎಂದು ಯೋಚಿಸುತ್ತಿದ್ದೆ.

ಇವತ್ತು ಸ್ಕೇಲ್ ಇಟ್ಟೆ. ಪೆನ್ನು ಊರಿದೆ. ಆಮೇಲೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಮೂರು ತಾರೀಕಿನ ಚೌಕದಲ್ಲೂ ಸರಿ ಗುರುತು ಹಾಕಿ ಪುಸ್ತಕ ಮುಚ್ಚಿದೆ.

ಒಂದು ಹುಳು. ಮೂವತ್ತರಲ್ಲಿ ಒಂದು.

ಮಾರ್ಚ್ 22

ಹಳದಿ-ಹಳದಿ ಇದೆ ಎಂದು ಬರೆದೆ.

ಏಪ್ರಿಲ್ 2

ಇವತ್ತು ನಾಲ್ಕನೆಯ ಗೂಡಿನ ರಾಣಿಯನ್ನು ತೆಗೆದೆವು. ಕಳೆದ ವಾರ ಮೊದಲ ಮೂರು ಗೂಡುಗಳದ್ದು ಆಗಿತ್ತು. ಮೂರರಲ್ಲೂ ಹಿರಿಯಳೇ ರಾಣಿಯಾಗುವ ಲಕ್ಷಣ ಕಾಣುತ್ತಿದೆ. ಸಣ್ಣ ಡಾಕ್ಟರಿಗೆ ಖುಷಿಯಲ್ಲಿ ಕಾಲು ನೆಲದ ಮೇಲಿಲ್ಲ.

ರಾಣಿಯನ್ನು ಸೀಸೆಗೆ ಹಾಕಿ ಮುಚ್ಚಳ ತಿರುಗಿಸುವಷ್ಟರಲ್ಲಿ ಗೂಡಿನಲ್ಲಿ ಒಂದು ಹುಳು ಬದಲಾಯಿತು. ನೀಲಿ-ಬಿಳಿ. ನಿನ್ನೆಯವರೆಗೆ ಮೂಲೆಯಲ್ಲಿ ತಣ್ಣಗಿದ್ದದ್ದು ಎಲ್ಲವನ್ನೂ ಅಟ್ಟಿಸಿಕೊಂಡು ಹೋಗಿ ಕಚ್ಚತೊಡಗಿತು. ಮಿಕ್ಕವು ತಲೆ ತಗ್ಗಿಸಿ ಕಚ್ಚಿಸಿಕೊಂಡವು. ಎಷ್ಟು ಸಲ ನೋಡಿದ್ದೇನೆ. ಹೋದವಳಿಗಾಗಿ ಅರ್ಧ ಗಂಟೆಯೂ ಸುಮ್ಮನಿರುವುದಿಲ್ಲ.

ಸಣ್ಣ ಡಾಕ್ಟರು ಪುಸ್ತಕ ತಿರುವಿ ನೋಡಿದಳು. ಮುಖ ಸಪ್ಪಗಾಯಿತು. "ಅಕ್ಕಾ, ನೀಲಿ-ಬಿಳಿ ಎರಡನೇದು. ಹಳದಿ-ಹಳದಿ ಇದಕ್ಕಿಂತ ಆರು ದಿನ ದೊಡ್ಡದು. ಅದು ಎಲ್ಲಿ?"

ಹೊರಗೆ ಹೋಗಿರಬೇಕು ಅಂದೆ. ನನ್ನ ಧ್ವನಿ ನನಗೇ ಬಹಳ ಸಾಮಾನ್ಯವಾಗಿ ಕೇಳಿಸಿತು.

ಏಪ್ರಿಲ್ 9

ನೀಲಿ-ಬಿಳಿ ಮೊಟ್ಟೆ ಇಟ್ಟಿತು. ಮೂರು ಗೂಡು ಹೌದು ಅಂದವು, ಒಂದು ಇಲ್ಲ ಅಂದಿತು. ಸಣ್ಣ ಡಾಕ್ಟರು ಮಧ್ಯಾಹ್ನ ಊಟ ಬಿಟ್ಟಳು. ಅವಳಿಗೆ ಇಲ್ಲಿ ಉಳಿದಿರುವುದು ಹತ್ತು ತಿಂಗಳು. ಅಷ್ಟರಲ್ಲಿ ಬರೆದು ಮುಗಿಸಬೇಕು, ಇಲ್ಲದಿದ್ದರೆ ನಾಲ್ಕು ವರ್ಷ ಓದಿದ್ದೆಲ್ಲ ನೀರುಪಾಲು.

ನನ್ನ ಡಬ್ಬಿಯಲ್ಲಿದ್ದ ಬ್ರೆಡ್ಡು ಮೊಟ್ಟೆ ಅವಳ ಮುಂದಿಟ್ಟೆ. ಡಬ್ಬಿ ಕಟ್ಟಿದ್ದು ಇವರು. ಈಚೆಗೆ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಟ್ಟಿಟ್ಟಿರುತ್ತಾರೆ. ಹುಡುಗಿ ಒಂದು ತುತ್ತು ತಿಂದು, "ಉಪ್ಪು ಜಾಸ್ತಿ ಆಗಿದೆ ಅಕ್ಕಾ" ಅಂದಳು. ದಿನಾ ತಿನ್ನುವ ನನಗೆ ಗೊತ್ತೇ ಆಗಿರಲಿಲ್ಲ.

ಏಪ್ರಿಲ್ 15

ಎಲ್ಲ ತಿರುವುಮುರುವಾಗಿದೆ.

ಸಣ್ಣ ಡಾಕ್ಟರು ತನ್ನ ಹಗಲಿನ ಟಿಪ್ಪಣಿಯನ್ನೆಲ್ಲ ಜರಡಿ ಹಿಡಿದಿದ್ದಾಳೆ. ಮಾರ್ಚ್ ಹತ್ತೊಂಬತ್ತರಿಂದ ಈಚೆಗೆ ಹಳದಿ-ಹಳದಿ ಅವಳ ಕಣ್ಣಿಗೆ ಒಂದು ಸಲವೂ ಬಿದ್ದಿಲ್ಲ. ಆದರೆ ಬೆಳಗಿನ ಹಾಜರಿಯಲ್ಲಿ ದಿನವೂ ಇದೆ. ಅದನ್ನು ದೊಡ್ಡವರ ಮುಂದಿಟ್ಟಳಂತೆ. ಅವರು ಕನ್ನಡಕ ತೆಗೆದು ಎದ್ದು ನಿಂತರಂತೆ. ಹಿರಿಯಳು ಬೆಳಕು ಹರಿದೊಡನೆ ಗೂಡು ಬಿಡುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಯಾರ ಜೊತೆಗೂ ಜಗಳವಿಲ್ಲ. ರಾಣಿಯ ಪಟ್ಟ ಕಾಲ ಬುಡಕ್ಕೆ ಬಂದರೂ ತೆಗೆದುಕೊಳ್ಳಲಿಲ್ಲ. ಹಾಗಿದ್ದರೆ ಹುಳುಗಳ ದುಡಿಮೆ ಬರೀ ಸರದಿಯ ಆಸೆಗಲ್ಲ, ಬೇರೇನೋ ಇದೆ. ಇಂಥದ್ದನ್ನು ಈವರೆಗೆ ಯಾರೂ ನೋಡಿಲ್ಲ, ನಿನ್ನ ಬರಹವನ್ನೆಲ್ಲ ಇದರ ಸುತ್ತ ಮತ್ತೆ ಬರೆ ಅಂದರಂತೆ.

ಹುಡುಗಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಅದು ಬೇಡ ಅಂದ ಹುಳು. ನಿಮ್ಮ ಕಣ್ಣು ಇಲ್ದಿದ್ರೆ ಅದು ಸತ್ತೇಹೋಗಿದೆ ಅಂದ್ಕೋತಿದ್ವಿ."

ಬೀಗದಣ್ಣ ಹಳದಿ-ಹಳದಿಗೆ 'ಸನ್ಯಾಸಿನಿ' ಎಂದು ಹೆಸರಿಟ್ಟಿದ್ದಾನೆ. "ಏನಮ್ಮಾ, ಸನ್ಯಾಸಿನಿ ಸೌಖ್ಯವಾ?" ಅಂತ ದಿನಾ ಕೇಳುತ್ತಾನೆ. ಸೌಖ್ಯ ಅನ್ನುತ್ತೇನೆ.

ಇಲ್ಲಿ ಸುಳ್ಳು ಬರೆದು ಏನು ಮಾಡಲಿ? ನನಗೆ ಸಂತೋಷವಾಯಿತು. ಎಲ್ಲರೂ ಅದರ ಮಾತೇ ಆಡುತ್ತಿದ್ದಾರೆ. ನಿನ್ನೆ ಏನು ಮಾಡಿತು, ಇವತ್ತು ಹೇಗಿದೆ ಎಂದು ಕೇಳುತ್ತಾರೆ. ಮಗಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ನಾನು ಅಳುತ್ತೇನೆ ಎಂದು ಅವರಿಗೆ ಭಯ.

ಏಪ್ರಿಲ್ 20

ಮಳೆ. ಬಸ್ಸಿಳಿದರೆ ಇವರು ಕೊಡೆ ಹಿಡಿದು ನಿಂತಿದ್ದರು. ಡಿಪೊದಿಂದ ಅದು ಬೇರೆ ದಾರಿ. ಈ ಕಡೆ ಏನೋ ಕೆಲಸವಿತ್ತು ಅಂದರು. ಒಂದೇ ಕೊಡೆ, ಅವರ ಎಡಭುಜ ಪೂರ್ತಿ ನೆನೆಯಿತು. ನಾನು ದಾರಿಯುದ್ದಕ್ಕೂ ನಾಳೆಯ ಹಾಜರಿಯ ಬಗ್ಗೆ ಯೋಚಿಸುತ್ತಿದ್ದೆ. ಹಳದಿ-ಹಳದಿಗೆ ಒಂದೆರಡು ದಿನ 'ಇಲ್ಲ' ಎಂದು ಹಾಕಿ ಆಮೇಲೆ 'ಇದೆ' ಅಂದರೆ ಇನ್ನೂ ನಿಜ ಅನ್ನಿಸುತ್ತದೆ.

ಏಪ್ರಿಲ್ 27

ಹಳದಿ-ಹಳದಿಗೆ ಇವತ್ತು ತೊಂಬತ್ತು ದಿನ. ಈ ಜಾಲರಿ ಮನೆಯಲ್ಲಿ ಇಷ್ಟು ದಿನ ಬದುಕಿದ ದುಡಿಮೆಯ ಹುಳು ಇಲ್ಲ ಎಂದು ಸಣ್ಣ ಡಾಕ್ಟರು ಹಳೆಯ ಪುಸ್ತಕಗಳನ್ನು ತೆಗೆದು ತೋರಿಸಿದಳು. ನಾನೇ ಬರೆದ ಪುಸ್ತಕಗಳು.

ಆಮೇಲೆ ಹೇಳಿದಳು. ನಾಳೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಅದನ್ನು ಹಿಡಿದು ಸೀಸೆಗೆ ಹಾಕಬೇಕಂತೆ. ಹೊಟ್ಟೆ ಸೀಳಿ ನೋಡಬೇಕು. ಮೊಟ್ಟೆಯ ಚೀಲ ಬೆಳೆದಿದ್ದೂ ಬೇಡ ಅಂದಿತೋ, ಬೆಳೆಯದೇ ಬೇಡ ಅಂದಿತೋ ತಿಳಿಯಬೇಕು. ಅದು ತಿಳಿದರೆ ಬರಹ ಪೂರ್ತಿ. ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಅವಳೇ ನಿಂತು ಓದುತ್ತಾಳೆ.

"ನಿಮಗೆ ಬೇಜಾರಾಗುತ್ತೇನೋ ಅಕ್ಕಾ. ನೀವೇ ಗುರುತು ಹಾಕಿದ್ದಲ್ವಾ?" ಅಂದಳು.

ಪರವಾಗಿಲ್ಲ ಅಂದೆ.

ಏಪ್ರಿಲ್ 28

ಬೆಳಿಗ್ಗೆ ಐದಕ್ಕೆ ಜಾಲರಿ ಮನೆಯಲ್ಲಿದ್ದೆ. ಟಾರ್ಚ್ ಹಚ್ಚಿ ನಾಲ್ಕನೆಯ ಗೂಡನ್ನು ನೋಡಿದೆ. ಇಪ್ಪತ್ತಾರು ಹುಳು. ಯಾಕೆ ಹುಡುಕಿದೆನೋ ಗೊತ್ತಿಲ್ಲ. ಮೂರು ಸಲ ಹುಡುಕಿದೆ.

ಸುಲಭದ ದಾರಿ ಒಂದಿತ್ತು. ಇವತ್ತು ಕಾಣಲಿಲ್ಲ ಅನ್ನುವುದು. ಇನ್ನು ಎರಡು ದಿನ ಕಾಣಲಿಲ್ಲ ಅನ್ನುವುದು. ಆಮೇಲೆ ಗೆರೆ ಎಳೆದು ಏಪ್ರಿಲ್ ಇಪ್ಪತ್ತೆಂಟು ಎಂದು ತಾರೀಕು ಹಾಕುವುದು. ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ತೊಂಬತ್ತೊಂದು ದಿನದ ಮುದುಕಿ ಸಾಯದೆ ಇರುತ್ತದೆಯೇ? ಹೊಟ್ಟೆ ಸೀಳಲು ಸಿಗಲಿಲ್ಲ ಎಂದು ಹುಡುಗಿ ಒಂದು ದಿನ ಬೇಜಾರು ಮಾಡಿಕೊಂಡು, ಮಿಕ್ಕದ್ದನ್ನು ಬರೆಯುತ್ತಿದ್ದಳು. ಅಚ್ಚಾಗುತ್ತಿತ್ತು.

ಇವತ್ತಿನ ಚೌಕದಲ್ಲಿ 'ಇಲ್ಲ' ಎಂದು ಬರೆದೆ. ಅದು ನಿಜವೇ. ಆಮೇಲೆ ಹಿಂದಕ್ಕೆ ನೋಡಿದೆ. ಸಾಲಾಗಿ ನಲವತ್ತು ದಿನ, ನನ್ನದೇ ಕೈ, ಒಂದರ ಪಕ್ಕ ಒಂದು. ಅದು ಎಲ್ಲೋ ಹೊರಗೆ ಒಂದು ಎಲೆಯ ಕೆಳಗೋ, ಹಕ್ಕಿಯ ಬಾಯಲ್ಲೋ ಸತ್ತು ನಲವತ್ತು ದಿನ. ಆ ದಿನಗಳನ್ನೆಲ್ಲ ನಾನು ಅದಕ್ಕೆ ಕೊಟ್ಟೆ ಅಂದುಕೊಂಡಿದ್ದೆ. ಕೊಟ್ಟಿರಲಿಲ್ಲ. ಅದು ಸತ್ತ ದಿನವನ್ನು ಅದರಿಂದ ಕಿತ್ತುಕೊಂಡಿದ್ದೆ, ಅಷ್ಟೇ.

ಸ್ಕೇಲ್ ಇಟ್ಟು ಗೆರೆ ಎಳೆದೆ. ಮಾರ್ಚ್ 19, ಸತ್ತಿದೆ.

ಸಣ್ಣ ಡಾಕ್ಟರು ಆರಕ್ಕೆ ಸೀಸೆ ಹಿಡಿದು ಬಂದಳು. ಪುಸ್ತಕ ತೆರೆದು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಮಗಳ ವಿಷಯ ತೆಗೆಯಲಿಲ್ಲ. ಅವಳಿಗೆ ಗೊತ್ತಿದೆ, ಅದನ್ನು ಅಡ್ಡ ಹಿಡಿಯುವುದು ನನಗೆ ಬೇಕಿರಲಿಲ್ಲ.

ಮೊದಲು ಅವಳ ಮುಖ ಅರಳಿತು. ಅದನ್ನು ನೋಡಿದ್ದೇ ನನಗೆ ಹೆಚ್ಚು ಕಷ್ಟವಾಯಿತು. "ಹಾಗಾದ್ರೆ ನೀಲಿ-ಬಿಳೀನೇ ಹಿರಿಯಳು. ನಾಲ್ಕಕ್ಕೆ ನಾಲ್ಕೂ ಸರಿಹೋಯ್ತು. ನಾನು ಮೊದ್ಲು ಅಂದಿದ್ದೇ ನಿಜ."

ಆಮೇಲೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ನಾನು ವಾಪಸ್ಸು ಬಂದಾಗಿನಿಂದ ನಾಲ್ಕೂ ಗೂಡಿನ ಎಲ್ಲ ಹಾಳೆಯೂ ನನ್ನದೇ ಅಕ್ಷರ. ತಿರುವುವುದು ನಿಧಾನವಾಯಿತು, ನಿಂತಿತು.

"ಬೇರೆ ಯಾವ್ದಾದ್ರೂ ಹೀಗೆ ಬರ್ದಿದ್ದೀರಾ?"

"ಇಲ್ಲ."

"ಹೇಗೆ ನಂಬ್ಲಿ ಅಕ್ಕಾ?"

ಕೋಪವಿರಲಿಲ್ಲ. ನಿಜವಾಗಿಯೂ ದಾರಿ ಕೇಳುತ್ತಿದ್ದಳು. ನನ್ನ ಹತ್ತಿರ ದಾರಿ ಇರಲಿಲ್ಲ. ಸತ್ತಿದೆ ಎಂದು ನಾನು ಗೆರೆ ಎಳೆದ ಹುಳುಗಳೆಲ್ಲ ಈಗ ಇಲ್ಲ. ಅವು ಇದ್ದದ್ದಕ್ಕೆ ನನ್ನ ಗುರುತೊಂದೇ ಸಾಕ್ಷಿ.

ಏಪ್ರಿಲ್ 30

ದೊಡ್ಡವರು ಕರೆಸಿದರು. ಸಣ್ಣ ಡಾಕ್ಟರೇ ಅವರಿಗೆ ತಿಳಿಸಿದ್ದಳು. ತಿಳಿಸದೆ ನಾಲ್ಕಕ್ಕೆ ನಾಲ್ಕು ಎಂದು ಬರೆದುಕೊಳ್ಳಬಹುದಿತ್ತು, ನಾನು ಬಾಯಿ ಬಿಡುತ್ತಿರಲಿಲ್ಲ. ಅವಳು ಹಾಗೆ ಮಾಡಲಿಲ್ಲ.

ಕೂರಲು ಹೇಳಿದರು. ಬೈಯಲಿಲ್ಲ. ಮೇಜಿನ ಮೇಲೆ ನನ್ನ ಪುಸ್ತಕಗಳ ರಾಶಿ ಇತ್ತು. "ಹನ್ನೊಂದು ವರ್ಷ ಇವನ್ನ ನಾನು ತೆರೆದು ಪರೀಕ್ಷೆ ಮಾಡ್ಲಿಲ್ಲ. ನೀವು ಬರ್ದಿದ್ದೀರಿ ಅಂದ್ರೆ ಮುಗೀತು ಅಂತಿದ್ದೆ" ಅಂದರು.

ನಾಲ್ಕು ಗೂಡಿನ ಲೆಕ್ಕವನ್ನೂ ಕೈಬಿಟ್ಟಿದ್ದಾರೆ. ಹಿಂದಿನ ವರ್ಷಗಳದ್ದನ್ನೂ ಮತ್ತೆ ನೋಡುತ್ತಾರಂತೆ. ಅವುಗಳ ಮೇಲೆ ಮೂರು ಜನ ಡಾಕ್ಟರಾಗಿ ಹೋಗಿದ್ದಾರೆ, ಅವರಿಗೆಲ್ಲ ಕಾಗದ ಬರೆಯಬೇಕು. ಅವೆಲ್ಲ ಸರಿ ಇವೆ ಸಾರ್, ಒಂದೂ ತಪ್ಪಿಲ್ಲ ಅಂದೆ. ಅವರು ಕಿಟಕಿಯ ಕಡೆ ನೋಡಿದರು. ಸಣ್ಣ ಡಾಕ್ಟರು ತನ್ನ ಚಪ್ಪಲಿ ನೋಡುತ್ತಿದ್ದಳು.

ಮನೆಗೆ ಬಂದು ಇವರಿಗೆ ಹೇಳಿದೆ. ಯಾಕೆ ಹೇಳಿದೆನೋ, ಬಾಯಿಗೆ ಬಂತು. "ಆ ಹುಡುಗಿ ಊಟ ಮಾಡಿದ್ಲಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಮೇ 6

ನನ್ನನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಿದ್ದಾರೆ. ಸೀಸೆ, ತಟ್ಟೆ, ನಳಿಗೆ. ತೊಳೆದು, ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿ, ಜೋಡಿಸುವುದು. ಬರೆಯುವುದೇನೂ ಇಲ್ಲ.

ಬೀಗದಣ್ಣ ಬಂದು ಬಾಗಿಲಲ್ಲಿ ನಿಂತ. ತಮಾಷೆ ಮಾಡಲಿಲ್ಲ. ಸಣ್ಣ ಡಾಕ್ಟರು ಎರಡು ಹೊಸ ಗೂಡು ಹುಡುಕಿ ತಂದಿದ್ದಾಳೆ, ಬೆಳಗಿನ ಹಾಜರಿಯನ್ನು ತಾನೇ ತೆಗೆದುಕೊಳ್ಳುತ್ತಾಳೆ, ಹಗಲೂ ತಾನೇ ಕೂರುತ್ತಾಳೆ ಎಂದ. ಎರಡು ಗೂಡು ಸಾಲುವುದಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಓಣಿಯಲ್ಲಿ ಎದುರಾದಳು. ಕಣ್ಣು ಕೆಂಪಗೆ ಊದಿತ್ತು. ಕೆಂಪು ಬೆಳಕಿನಲ್ಲಿ ಹಳದಿಗೂ ಬಿಳಿಗೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ಕೇಳಿದಳು. ಹೇಳಿಕೊಟ್ಟೆ. ಟಾರ್ಚನ್ನು ಸ್ವಲ್ಪ ಓರೆ ಹಿಡಿಯಬೇಕು, ಹಳದಿಗೆ ಅಂಚಿನಲ್ಲಿ ತೆಳು ನೆರಳು ಬರುತ್ತದೆ. ಬಿಳಿಗೆ ಬರುವುದಿಲ್ಲ. ತಲೆಯಾಡಿಸಿದಳು. "ಥ್ಯಾಂಕ್ಸ್" ಅಂದಳು. ಅಕ್ಕಾ ಅನ್ನಲಿಲ್ಲ.

ಮೇ 8

ರಜೆ. ಮಧ್ಯಾಹ್ನ ಇವರು ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಡಿಪೊದ ಎಣ್ಣೆ ಅವರ ಬೆರಳ ಗೆರೆಗಳಲ್ಲಿ ಇಳಿದುಬಿಟ್ಟಿದೆ, ಸೋಪು ಹಾಕಿದರೂ ಹೋಗುವುದಿಲ್ಲ. ಸೂಜಿ ಕೊಡಿ ಅಂದೆ. ಪೋಣಿಸಿ ಕೊಟ್ಟೆ. ಹೋಗಲಿಲ್ಲ, ಅಲ್ಲೇ ಕೂತೆ.

ಈ ಮೂರು ತಿಂಗಳಲ್ಲಿ ಆ ದಿನದ ಬಗ್ಗೆ ನಾನು ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಅವರು ಏನೋ ಕಾರಣ ಹೇಳುತ್ತಾರೆ, ನಾನು ಒಪ್ಪಬೇಕಾಗುತ್ತದೆ ಎಂದು ಕೇಳಿರಲಿಲ್ಲ. ಇವತ್ತು ಕೇಳಿದೆ.

"ರೀ, ಆ ಕಾಗದದಲ್ಲಿ ಏನು ಬರ್ದಿತ್ತು?"

ಗುಂಡಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. "ಪೂರ್ತಿ ಓದ್ಲಿಲ್ಲ. ಓದಕ್ಕೆ ಆಗ್ಲಿಲ್ಲ. ನೀನು ಬರೋವರ್ಗೂ ತಡೀರಿ ಅಂತ ಡಾಕ್ಟರನ್ನ ಎರಡು ಸಲ ಕೇಳ್ದೆ. ಅವಳಿಗೆ ಹಿಂಸೆ ಆಗ್ತಿದೆ ಅಂದ್ರು."

ದಾರ ಕಡಿದು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡರು.

"ವಯಸ್ಸು ತಪ್ಪು ಬರ್ದಿದ್ರು. ಇಪ್ಪತ್ತು ಅಂತ. ಅದನ್ನ ಹೊಡೆಸಿ ಹತ್ತೊಂಬತ್ತು ಅಂತ ತಿದ್ದಿಸ್ದೆ. ಆಮೇಲೆ ಸಹಿ ಹಾಕ್ದೆ."

ಅವಳಿಗೆ ಇಪ್ಪತ್ತು ತುಂಬಲು ಇನ್ನೂ ಒಂಬತ್ತು ದಿನ ಇತ್ತು. ಸರಿಯಾಗಿ ಬರೆಸಿದ್ದಾರೆ.